ಒತ್ತಡದ ಅಂಕೆಗಳು: ಒಂದು ಮಾನದಿಂದ ಮತ್ತೊಂದು ಮಾನಕ್ಕೆ

ಮಗನೋ ಮಗಳೋ ಬೆಂಗಳೂರಿನಿಂದ ತಂದುಕೊಟ್ಟ ಬಿ.ಪಿ. ಯಂತ್ರದ ಪಟ್ಟಿಯನ್ನು ತೋಳಿಗೆ ಸುತ್ತಿ ಗುಂಡಿ ಒತ್ತಿದಾಗ, ನಿನ್ನೆಯವರೆಗೆ 136 ಮತ್ತು 84 ಎಂದು ತೋರಿಸುತ್ತಿದ್ದ ಪರದೆಯ ಮೇಲೆ ಇದ್ದಕ್ಕಿದ್ದ ಹಾಗೆ 18.1 ಮತ್ತು 11.2 ಎಂಬ ಅಂಕೆಗಳು ಮೂಡಿದರೆ, ಮನೆಯವರು ಗಾಬರಿಗೊಳ್ಳುವುದು ಸಹಜವೇ ಆಗಿದೆ. "ಅವ್ವಗ ಬಿ.ಪಿ. ಹದಿನೆಂಟಕ್ಕ ಇಳದೈತ್ರಿ, ಏನ್ ಮಾಡ್ಬೇಕ್ರಿ?" ಎಂದು ದೇವದುರ್ಗದ ಕಡೆಯ ಹಳ್ಳಿಯಿಂದ ಯಾರಾದರೂ ಫೋನು ಮಾಡಿದಾಗ, ಅನುಭವವುಳ್ಳ ದಾದಿಯು ಬೇರೇನನ್ನೂ ಕೇಳುವುದಕ್ಕೆ ಮೊದಲು "ನಡುವ ಚುಕ್ಕಿ ಐತೇನು ನೋಡ್ರಿ" ಎಂದು ಕೇಳುತ್ತಾಳೆ. ಚುಕ್ಕಿ ಇದ್ದುದಾದರೆ ಇಳಿದಿರುವುದು ರಕ್ತದೊತ್ತಡವಲ್ಲ. ಗುಂಡಿಯೊಂದು ತಿಳಿಯದೆ ಒತ್ತಲ್ಪಟ್ಟು, ಯಂತ್ರವು ಪಾದರಸದ ಮಿಲಿಮೀಟರನ್ನು ಬಿಟ್ಟು ಕಿಲೋಪಾಸ್ಕಲ್ ಎಂಬ ಮಾನದಲ್ಲಿ ಮಾತನಾಡತೊಡಗಿದೆ, ಅಷ್ಟೆ.

ಇಂಥದೇ ಇನ್ನೊಂದು ಗೊಂದಲವು ಹವಾಮಾನದ ವಿಷಯದಲ್ಲಿ ಉಂಟಾಗುತ್ತದೆ. ಕೆಲವು ಮೊಬೈಲುಗಳಲ್ಲಿ ವಾಯುಭಾರವನ್ನು ಅಳೆಯುವ ಸಣ್ಣ ಸಾಧನವೊಂದು ಅಡಗಿರುತ್ತದೆ. ರಾಯಚೂರಿನ ಮನೆಯ ಅಂಗಳದಲ್ಲಿ ನಿಂತು ಅದನ್ನು ನೋಡಿದವನಿಗೆ 962 ಎಂಬ ಅಂಕೆ ಕಾಣಿಸುತ್ತದೆ. ಅದೇ ಹೊತ್ತಿನ ಹವಾಮಾನ ನಕ್ಷೆ ನಮ್ಮ ಪ್ರದೇಶದ ಮೇಲೆ 1006 ಎಂದು ಬರೆದಿರುತ್ತದೆ. ನಲವತ್ತನಾಲ್ಕು ಅಂಶ ಕಡಿಮೆ! ಚಂಡಮಾರುತವೇ ಬಂದು ಮನೆಯ ಮೇಲೆ ನಿಂತಿತೋ ಎಂದು ಶಂಕಿಸುವವರುಂಟು. ಬಂದಿರುವುದಿಲ್ಲ. ಇಲ್ಲಿ ಎರಡು ಅಂಕೆಗಳ ಮಾನವೂ ಒಂದೇ. ಆದರೆ ಅವು ಲೆಕ್ಕ ಹಾಕಿದ ನೆಲೆ ಬೇರೆ.

ಈ ಲೇಖನದ ಉದ್ದೇಶವು ಗುಣಾಕಾರವನ್ನು ಕಲಿಸುವುದಷ್ಟೇ ಅಲ್ಲ. ಗುಣಾಕಾರವು ಸುಲಭ; ಐದನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು. ಗುಣಿಸುವುದಕ್ಕೆ ಮೊದಲು "ಈ ಅಂಕೆಯನ್ನು ಯಾವ ಸೊನ್ನೆಯಿಂದ ಎಣಿಸಿದ್ದಾರೆ?" ಎಂದು ಕೇಳಿಕೊಳ್ಳುವ ಅಭ್ಯಾಸವೇ ಕಷ್ಟದ್ದು, ಮತ್ತು ನಮ್ಮಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಆ ಪ್ರಶ್ನೆಯನ್ನು ಕೇಳದಿರುವುದರಿಂದಲೇ ಆಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಾದರಸವು ಏಕೆ ಬಂತು

ಇಟಲಿಯ ಟಾರಿಚೆಲ್ಲಿಯು 1640ರ ದಶಕದಲ್ಲಿ ಗಾಜಿನ ನಳಿಗೆಯಲ್ಲಿ ಪಾದರಸವನ್ನು ತುಂಬಿ ಬೋರಲಾಗಿ ನಿಲ್ಲಿಸಿ, ನಮ್ಮ ಸುತ್ತಲಿನ ಗಾಳಿಯ ಭಾರವು ಸಮುದ್ರತೀರದಲ್ಲಿ ಸುಮಾರು 760 ಮಿಲಿಮೀಟರು ಎತ್ತರದ ಪಾದರಸ ಸ್ತಂಭವನ್ನು ಹಿಡಿದು ನಿಲ್ಲಿಸುವಷ್ಟಿದೆಯೆಂಬುದನ್ನು ತೋರಿಸಿಕೊಟ್ಟನು. 1896ರಲ್ಲಿ ರೀವಾ-ರೋಚಿ ಎಂಬ ಇಟಲಿಯ ವೈದ್ಯನು ಅದೇ ಪಾದರಸ ಸ್ತಂಭಕ್ಕೆ ತೋಳಿನ ರಬ್ಬರು ಪಟ್ಟಿಯನ್ನು ಜೋಡಿಸಿದನು. 1905ರಲ್ಲಿ ರಷ್ಯಾದ ಕೊರೊಟ್ಕಾಫನು ಸ್ಟೆತಾಸ್ಕೋಪಿನಿಂದ ನಾಡಿಯ ಸದ್ದನ್ನು ಆಲಿಸಿ ಮೇಲಿನ ಒತ್ತಡವನ್ನೂ ಕೆಳಗಿನ ಒತ್ತಡವನ್ನೂ ಗುರುತಿಸುವ ವಿಧಾನವನ್ನು ತಿಳಿಸಿದನು. ಹೀಗೆ ಆಕಾಶದ ಒತ್ತಡವನ್ನು ಅಳೆದ ದ್ರವವೇ ದೇಹದ ಒತ್ತಡವನ್ನೂ ಅಳೆಯಿತು. ಮುಂದೆ ಹವಾಮಾನದವರು ಮಿಲಿಬಾರಿಗೆ ತಿರುಗಿಕೊಂಡರು. 1986ರಿಂದ ಅದನ್ನೇ ಹೆಕ್ಟೋಪಾಸ್ಕಲ್ ಎಂದು ಕರೆಯುತ್ತಾರೆ. ವೈದ್ಯರು ಮಾತ್ರ ಪಾದರಸವನ್ನು ಬಿಡಲಿಲ್ಲ. ಪಾದರಸವು ವಿಷವೆಂಬ ಕಾರಣದಿಂದ ಆಸ್ಪತ್ರೆಗಳಿಂದ ಆ ಉಪಕರಣಗಳು ಮರೆಯಾಗುತ್ತಿರುವ ಈ ಕಾಲದಲ್ಲಿಯೂ, ಒಳಗೆ ಒಂದು ಹನಿ ಪಾದರಸವೂ ಇಲ್ಲದ ಯಂತ್ರವು ಪಾದರಸದ ಮಿಲಿಮೀಟರಿನಲ್ಲಿಯೇ ಉತ್ತರ ಕೊಡುತ್ತದೆ.

ಲೆಕ್ಕದ ಕೀಲಿ

ಒಂದು ಮಿಲಿಮೀಟರು ಎತ್ತರದ ಪಾದರಸವು ತನ್ನ ಅಡಿಯಲ್ಲಿ ಎಷ್ಟು ಒತ್ತಡವನ್ನುಂಟುಮಾಡುತ್ತದೆ? ಎತ್ತರ, ಸಾಂದ್ರತೆ, ಗುರುತ್ವ ಈ ಮೂರನ್ನೂ ಗುಣಿಸಬೇಕು: 0.001 ಮೀಟರು, ಘನ ಮೀಟರಿಗೆ 13,595 ಕಿಲೋಗ್ರಾಂ, ಮತ್ತು 9.80665. ಬರುವ ಉತ್ತರ 133.32 ಪಾಸ್ಕಲ್. ನೂರು ಪಾಸ್ಕಲಿಗೆ ಒಂದು ಹೆಕ್ಟೋಪಾಸ್ಕಲ್ ಆದುದರಿಂದ, ಒಂದು ಮಿಲಿಮೀಟರು ಪಾದರಸವೆಂದರೆ 1.3332 ಹೆಕ್ಟೋಪಾಸ್ಕಲ್. ಈ ಸಂಖ್ಯೆಯು ನಾಲ್ಕನ್ನು ಮೂರರಿಂದ ಭಾಗಿಸಿದ ಭಾಗಲಬ್ಧಕ್ಕೆ ಅತ್ಯಂತ ಸಮೀಪವಾಗಿರುವುದು ನಮ್ಮ ಪುಣ್ಯ. ಕಾಗದ ಪೆನ್ಸಿಲುಗಳ ಹಂಗಿಲ್ಲದೆ ಬಾಯಲ್ಲಿಯೇ ಲೆಕ್ಕ ಮಾಡಬಹುದು.

1. ಪಾದರಸದ ಮಿಲಿಮೀಟರಿನಿಂದ ಹೆಕ್ಟೋಪಾಸ್ಕಲಿಗೆ: ಅಂಕೆಯ ಮೂರರಲ್ಲಿ ಒಂದು ಪಾಲನ್ನು ಅದಕ್ಕೇ ಕೂಡಿಸಿರಿ. 120ಕ್ಕೆ 40 ಕೂಡಿಸಿದರೆ 160.

2. ಹೆಕ್ಟೋಪಾಸ್ಕಲಿನಿಂದ ಪಾದರಸದ ಮಿಲಿಮೀಟರಿಗೆ: ನಾಲ್ಕರಲ್ಲಿ ಒಂದು ಪಾಲನ್ನು ಕಳೆಯಿರಿ. 1013ರಿಂದ 253 ಕಳೆದರೆ 760.

3. ಕಿಲೋಪಾಸ್ಕಲಿನಿಂದ ಪಾದರಸದ ಮಿಲಿಮೀಟರಿಗೆ: ಏಳೂವರೆಯಿಂದ ಗುಣಿಸಿರಿ. 18.1 ಆಗುವುದು 136, 11.2 ಆಗುವುದು 84. ಗಾಬರಿಗೊಂಡಿದ್ದ ಆ ತಾಯಿಯ ರಕ್ತದೊತ್ತಡವು ನಿನ್ನೆ ಇದ್ದಂತೆಯೇ ಇದೆ.

4. ನೀರಿನ ಸೆಂಟಿಮೀಟರಿನಿಂದ ಪಾದರಸದ ಮಿಲಿಮೀಟರಿಗೆ: 0.735ರಿಂದ ಗುಣಿಸಿರಿ, ತಿರುಗಿ ಬರಲು 1.36ರಿಂದ.

5. ಪಾದರಸದ ಅಂಗುಲದಿಂದ ಹೆಕ್ಟೋಪಾಸ್ಕಲಿಗೆ: 33.86ರಿಂದ ಗುಣಿಸಿರಿ. ಅಮೆರಿಕದಲ್ಲಿರುವ ಮಗ ಅಲ್ಲಿನ ವಾಯುಭಾರ 29.80 ಎಂದು ಹೇಳಿದರೆ, ಅದು ನಮ್ಮ ಲೆಕ್ಕದಲ್ಲಿ 1009.

ನಾಲ್ಕು-ಮೂರರ ಈ ಉಪಾಯದಿಂದ ಆಗುವ ವ್ಯತ್ಯಾಸವು ಹತ್ತು ಸಾವಿರಕ್ಕೆ ಒಂದರಷ್ಟೂ ಇಲ್ಲ. ಆದುದರಿಂದ ಯಾರಾದರೂ ಏಳೆಂಟು ದಶಮಾಂಶ ಸ್ಥಾನಗಳ ಗುಣಕವನ್ನು ಬರೆದುಕೊಟ್ಟರೆ ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾದುದಿಲ್ಲ.

ಎಲ್ಲಿಂದ ಎಣಿಸಿದ್ದು?

ಈಗ ಮುಖ್ಯ ವಿಷಯಕ್ಕೆ ಬರೋಣ. ಹವಾಮಾನದವರು ಹೇಳುವ 1006 ಎಂಬುದು ಶೂನ್ಯದಿಂದ, ಅಂದರೆ ಗಾಳಿಯೇ ಇಲ್ಲದ ಬರಿದಾದ ಸ್ಥಿತಿಯಿಂದ ಎಣಿಸಿದ ಅಂಕೆ. ವೈದ್ಯರು ಹೇಳುವ 120 ಎಂಬುದು ಹಾಗಲ್ಲ. ಅದು ಆ ಕ್ಷಣದಲ್ಲಿ ಆ ಕೋಣೆಯಲ್ಲಿರುವ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಮಾತ್ರ ತಿಳಿಸುತ್ತದೆ. ತೋಳಿನ ಪಟ್ಟಿಯಿಂದ ಗಾಳಿಯನ್ನೆಲ್ಲ ಬಿಟ್ಟಾಗ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆಯಲ್ಲವೆ? ಆಗಲೂ ಪಟ್ಟಿಯ ಒಳಗೆ ರಾಯಚೂರಿನ ಗಾಳಿಯು ತನ್ನ ಪೂರ್ಣ ಒತ್ತಡದೊಡನೆ ಇದ್ದೇ ಇರುತ್ತದೆ. ಪಟ್ಟಿಯ ಒಳಗೂ ದೇಹದ ಸುತ್ತಲೂ ಅದು ಸಮನಾಗಿರುವುದರಿಂದ ಯಂತ್ರವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೀಗಿರುವುದರಿಂದಲೇ ನಮ್ಮ ಊರು ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ಆದಕಾರಣ ರಕ್ತದೊತ್ತಡದ ಅಂಕೆಗೆ ಏನನ್ನಾದರೂ ಕೂಡಿಸಬೇಕೆ ಎಂದು ಕೇಳುವವರಿಗೆ ಕೊಡಬೇಕಾದ ಉತ್ತರ: ಏನನ್ನೂ ಕೂಡಿಸಬೇಡಿರಿ, ಏನನ್ನೂ ಕಳೆಯಬೇಡಿರಿ. ಮಂಗಳೂರಿನ 120, ರಾಯಚೂರಿನ 120, ಮಡಿಕೇರಿಯ 120 ಎಲ್ಲವೂ ಒಂದೇ.

ರಕ್ತದಲ್ಲಿನ ಅನಿಲಗಳ ವರದಿಯಲ್ಲಿ ಮಾತ್ರ ಮಾತು ಬೇರೆ. ಅಲ್ಲಿ ಆಮ್ಲಜನಕದ ಒತ್ತಡವನ್ನು ಬರಿ ಶೂನ್ಯದಿಂದಲೇ ಎಣಿಸುತ್ತಾರಾಗಿ ಊರಿನ ಎತ್ತರವು ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 400 ಮೀಟರು ಮೇಲಿರುವ ರಾಯಚೂರಿನಲ್ಲಿ ಗಾಳಿಯ ಒತ್ತಡವು 725 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಶ್ವಾಸನಾಳದಲ್ಲಿ ಸೇರುವ ನೀರಾವಿಯ ಪಾಲು 47ನ್ನು ಕಳೆದು, ಉಳಿದುದರಲ್ಲಿ ಶೇಕಡಾ 20.9ನ್ನು ತೆಗೆದುಕೊಂಡರೆ, ಒಳಗೆ ಹೋಗುವ ಆಮ್ಲಜನಕದ ಒತ್ತಡ ಸುಮಾರು 142. ಕಡಲ ತೀರದಲ್ಲಿ ಅದೇ 149. ಆರೋಗ್ಯವಂತನಿಗೆ ಈ ಏಳು ಮಿಲಿಮೀಟರು ತಿಳಿಯುವುದೂ ಇಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳು ಈ ವರದಿಯನ್ನು ಕಿಲೋಪಾಸ್ಕಲಿನಲ್ಲಿ ಬರೆಯುತ್ತವೆ. ಅಲ್ಲಿನ ಕಾಗದಪತ್ರಗಳೊಡನೆ ಊರಿಗೆ ಬಂದವರು 12.0 ಎಂಬುದನ್ನು 90 ಎಂದೂ, ಇಂಗಾಲದ ಡೈಆಕ್ಸೈಡಿನ 5.3 ಎಂಬುದನ್ನು 40 ಎಂದೂ ಓದಿಕೊಳ್ಳತಕ್ಕದ್ದು.

ನೀರಿನ ಸೆಂಟಿಮೀಟರು

ಪಾದರಸಕ್ಕೆ ನಿಲುಕದಷ್ಟು ಸಣ್ಣ ಒತ್ತಡಗಳನ್ನು ವೈದ್ಯರು ನೀರಿನ ಸ್ತಂಭದಲ್ಲಿ ಹೇಳುವುದುಂಟು. ಉಸಿರಾಟಕ್ಕೆ ನೆರವಾಗುವ ಸಿಪಾಪ್ ಮತ್ತು ವೆಂಟಿಲೇಟರು ಯಂತ್ರಗಳಲ್ಲಿ, ಹೃದಯದ ಸಮೀಪದ ದೊಡ್ಡ ಅಭಿಧಮನಿಯ ಒತ್ತಡವನ್ನು ಅಳೆಯುವಲ್ಲಿ, ಬೆನ್ನುಹುರಿಯ ದ್ರವದ ಪರೀಕ್ಷೆಯಲ್ಲಿ ಈ ಮಾನವು ಬರುತ್ತದೆ. ಪಾದರಸವು ನೀರಿಗಿಂತ ಸುಮಾರು 13.6 ಪಟ್ಟು ಭಾರವಾಗಿರುವುದರಿಂದ, 13.6 ಮಿಲಿಮೀಟರು, ಅಂದರೆ 1.36 ಸೆಂಟಿಮೀಟರು ನೀರು, ಒಂದು ಮಿಲಿಮೀಟರು ಪಾದರಸಕ್ಕೆ ಸಮ.

ಇದನ್ನು ಕಣ್ಣಾರೆ ಕಾಣಬೇಕೆಂದರೆ ಸಲೈನ್ ಬಾಟಲಿಯನ್ನು ನೋಡಬೇಕು. ದೇವದುರ್ಗದ ತಾಲ್ಲೂಕು ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿಕೊಂಡ ರೋಗಿಯನ್ನು ಆಂಬುಲೆನ್ಸಿನಲ್ಲಿ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕರೆತರುವಾಗ, ಐವತ್ತು ಕಿಲೋಮೀಟರಿನಷ್ಟು ದಾರಿಯಲ್ಲಿ ಬಾಟಲಿಯನ್ನು ಕೈಯಲ್ಲಿ ಎತ್ತಿಹಿಡಿದ ಬಂಧುವಿನ ತೋಳು ಸೋತು, ಬಾಟಲಿಯು ರೋಗಿಯ ಮಗ್ಗುಲಿಗೆ ಇಳಿದುಬಿಟ್ಟಿತೆಂದುಕೊಳ್ಳಿರಿ. ಕೊಳವೆಯೊಳಗೆ ರಕ್ತವು ಕೆಂಪಾಗಿ ಹಿಂದಕ್ಕೆ ಏರಿ ಬರುವುದು ಕಾಣುತ್ತದೆ. ಕಾರಣವು ಸ್ಪಷ್ಟ. ಬಾಟಲಿಯು ತೋಳಿಗಿಂತ ಒಂದು ಮೀಟರು ಮೇಲಿದ್ದಾಗ ದ್ರವದ ಒತ್ತಡವು ನೂರು ಸೆಂಟಿಮೀಟರು ನೀರು, ಅಂದರೆ 73 ಮಿಲಿಮೀಟರು ಪಾದರಸಕ್ಕಿಂತ ಸ್ವಲ್ಪ ಹೆಚ್ಚು. ತೋಳಿನ ಅಭಿಧಮನಿಯಲ್ಲಿರುವುದು ಸಾಮಾನ್ಯವಾಗಿ ಹತ್ತು ಹದಿನೈದು ಸೆಂಟಿಮೀಟರು ನೀರಿನ ಒತ್ತಡ. ಬಾಟಲಿಯು ಮೇಲಿದ್ದಷ್ಟು ಹೊತ್ತು ದ್ರವವು ಸುಲಭವಾಗಿ ಒಳಗಿಳಿಯುತ್ತದೆ. ತೋಳಿನಿಂದ ಅದರ ಎತ್ತರವು ಆ ಹತ್ತು ಹದಿನೈದು ಸೆಂಟಿಮೀಟರಿಗಿಂತ ಕಡಿಮೆಯಾದರೆ ರಕ್ತವೇ ಗೆಲ್ಲುತ್ತದೆ. ಬಾಟಲಿಯನ್ನು ಮತ್ತೆ ಮೇಲೆತ್ತಿ, ಆಂಬುಲೆನ್ಸಿನ ಕೊಂಡಿಗೆ ಸಿಕ್ಕಿಸಿ, ಜೊತೆಗಿರುವ ಸಿಬ್ಬಂದಿಗೆ ತೋರಿಸಿರಿ. ಕೊಳವೆಯನ್ನು ನೀವೇ ಹಿಂಡಲು ಹೋಗಬೇಡಿರಿ.

ಇದೇ ಲೆಕ್ಕವು ಬಿ.ಪಿ. ನೋಡುವಾಗ ತೋಳನ್ನಿಡುವ ಎತ್ತರಕ್ಕೂ ಅನ್ವಯಿಸುತ್ತದೆ. ರಕ್ತವು ನೀರಿಗಿಂತ ಸ್ವಲ್ಪ ಭಾರ. ತೋಳು ಎದೆಯ ಮಟ್ಟಕ್ಕಿಂತ ಹತ್ತು ಸೆಂಟಿಮೀಟರು ಕೆಳಗೆ ಜೋತುಬಿದ್ದಿದ್ದರೆ ಅಂಕೆಯು ಸುಮಾರು ಎಂಟು ಮಿಲಿಮೀಟರು ಹೆಚ್ಚಾಗಿ ಬರುತ್ತದೆ. 134 ಇರಬೇಕಾದದ್ದು 142 ಆಗುತ್ತದೆ. ಮಾನಗಳ ಪರಿವರ್ತನೆಯಲ್ಲಿ ಅರ್ಧ ಮಿಲಿಮೀಟರಿಗಾಗಿ ಚರ್ಚಿಸುವವರು ತೋಳಿನ ಕೆಳಗೆ ಒಂದು ದಿಂಬನ್ನು ಇಡುವುದಕ್ಕೆ ಮರೆಯುವುದನ್ನು ಕಂಡಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ರಾಯಚೂರಿನ ವಾಯುಭಾರ

ಮೊಬೈಲಿನ 962ಕ್ಕೂ ನಕ್ಷೆಯ 1006ಕ್ಕೂ ಇರುವ ಅಂತರದ ಕಾರಣವನ್ನು ಈಗ ನೋಡಬಹುದು. ಎತ್ತರದ ಊರು, ತಗ್ಗಿನ ಊರು ಎಂಬ ಭೇದವು ಅಡ್ಡಬಂದು ನಕ್ಷೆಯನ್ನು ಕೆಡಿಸದಿರಲೆಂದು, ಎಲ್ಲ ಊರುಗಳ ವಾಯುಭಾರವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಬರೆಯುವುದು ಹವಾಮಾನ ಶಾಸ್ತ್ರದ ಪದ್ಧತಿ. ಮೊಬೈಲಿಗೆ ಆ ಪದ್ಧತಿಯ ಗೊಡವೆಯಿಲ್ಲ. ನಿಂತ ನೆಲದ ಒತ್ತಡವನ್ನು ಅದು ಹೇಳುತ್ತದೆ. ಎರಡನ್ನೂ ಹೊಂದಿಸುವ ಕ್ರಮ ಹೀಗಿದೆ: ಊರಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು 9ರಿಂದ ಭಾಗಿಸಿರಿ, ಬಂದುದನ್ನು ಮೊಬೈಲಿನ ಅಂಕೆಗೆ ಕೂಡಿಸಿರಿ. ರಾಯಚೂರಿಗೆ 400ನ್ನು 9ರಿಂದ ಭಾಗಿಸಿದರೆ 44. 962ಕ್ಕೆ ಕೂಡಿಸಿದರೆ 1006. ಮಾನ್ವಿಯಲ್ಲಿಯೂ ದೇವದುರ್ಗದಲ್ಲಿಯೂ ಆಯಾ ಊರಿನ ಎತ್ತರವನ್ನು ಹಿಡಿದು ಹೀಗೆಯೇ ಮಾಡಬಹುದು. ಪಠ್ಯಪುಸ್ತಕಗಳಲ್ಲಿ ಎಂಟು ಮೀಟರಿಗೆ ಒಂದು ಹೆಕ್ಟೋಪಾಸ್ಕಲ್ ಎಂದು ಬರೆದಿರುವುದುಂಟು. ಅದು ತಂಪು ಗಾಳಿಯ ಲೆಕ್ಕ. ಬಿಸಿ ಗಾಳಿಯು ಹಗುರವಾದುದರಿಂದ ಅಷ್ಟೇ ಒತ್ತಡ ಇಳಿಯಲು ಹೆಚ್ಚು ಎತ್ತರ ಏರಬೇಕಾಗುತ್ತದೆ, ಮತ್ತು ನಮ್ಮ ಎಡೆದೊರೆ ಸೀಮೆಯ ಗಾಳಿಯು ಹೇಗಿರುತ್ತದೆಂಬುದನ್ನು ಇಲ್ಲಿಯ ಓದುಗರಿಗೆ ಹೇಳಬೇಕಾದುದಿಲ್ಲ.

ಆ ಬಿಸಿಲಿನದೇ ಇನ್ನೊಂದು ಪರಿಣಾಮವಿದೆ. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಇಂದಿಗೂ ಗೋಡೆಗೆ ತೂಗುಹಾಕಿರುವ ಪಾದರಸದ ವಾಯುಭಾರಮಾಪಕವನ್ನು ಮೇ ತಿಂಗಳ 42 ಡಿಗ್ರಿ ಸೆಕೆಯಲ್ಲಿ ಓದಿದರೆ, ಕಾದು ಹಿಗ್ಗಿದ ಪಾದರಸವು ಇರಬೇಕಾದುದಕ್ಕಿಂತ ಸುಮಾರು ಐದು ಮಿಲಿಮೀಟರು ಮೇಲೆ ನಿಂತಿರುತ್ತದೆ. ಹಿತ್ತಾಳೆಯ ಅಳತೆಪಟ್ಟಿಯ ಹಿಗ್ಗುವಿಕೆಯನ್ನು ಸೇರಿಸಿಕೊಂಡು, ಪ್ರತಿ ಡಿಗ್ರಿಗೆ ಅಂಕೆಯ 0.000163 ಭಾಗವನ್ನು ಕಳೆಯಬೇಕೆಂಬುದು ನಿಯಮ. ಮೊದಲು ಈ ತಿದ್ದುಪಡಿಯನ್ನು ಮಾಡಿ ಆಮೇಲೆ ಹೆಕ್ಟೋಪಾಸ್ಕಲಿಗೆ ತಿರುಗಿಸತಕ್ಕದ್ದು. ಮಾಡದೆ ಹೋದರೆ ಆರೂವರೆ ಹೆಕ್ಟೋಪಾಸ್ಕಲಿನಷ್ಟು ತಪ್ಪು ಉಳಿಯುತ್ತದೆ.

ಆರೂವರೆ ಎಂಬುದು ಅಲ್ಪವೇನೂ ಅಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂಬ ಸುದ್ದಿಯನ್ನು ಕೇಳಿದಾಗ ಒತ್ತಡವು ಪಾತಾಳಕ್ಕಿಳಿದಿದೆಯೆಂದು ಭಾವಿಸುವವರಿದ್ದಾರೆ; ವಾಸ್ತವದಲ್ಲಿ ಸಾಧಾರಣವಾದ ಕುಸಿತದ ನಡುಭಾಗದ ಒತ್ತಡವು ಸುತ್ತಲಿನದಕ್ಕಿಂತ ನಾಲ್ಕಾರು ಹೆಕ್ಟೋಪಾಸ್ಕಲ್ ಮಾತ್ರ ಕಡಿಮೆಯಿರುತ್ತದೆ, ಪಾದರಸದಲ್ಲಿ ಮೂರು ನಾಲ್ಕು ಮಿಲಿಮೀಟರು. ಅಷ್ಟು ಸಣ್ಣ ತಗ್ಗಿನತ್ತ ನೂರಾರು ಮೈಲಿಯ ತೇವದ ಗಾಳಿಯು ಹರಿದು ಬಂದು ಮಳೆ ಸುರಿಸುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಜಿಲ್ಲೆಯನ್ನು ಮುಳುಗಿಸಿದ ಮಳೆಯ ಹಿಂದೆಯೂ ಬಂಗಾಳ ಕೊಲ್ಲಿಯ ಕಡೆಯ ಕಡಿಮೆ ಒತ್ತಡದ ವ್ಯವಸ್ಥೆಯಿತ್ತು. ನಿಜವಾದ ಮಹಾಚಂಡಮಾರುತದ ಅಂಕೆಯೇ ಬೇರೆ: 1999ರಲ್ಲಿ ಒಡಿಶಾವನ್ನು ಹೊಡೆದ ಚಂಡಮಾರುತದ ಕೇಂದ್ರದ ಒತ್ತಡವನ್ನು 912 ಹೆಕ್ಟೋಪಾಸ್ಕಲ್ ಎಂದು ಅಂದಾಜು ಮಾಡಲಾಗಿದೆ. ನಾಲ್ಕರಲ್ಲಿ ಒಂದು ಪಾಲು ಕಳೆಯಿರಿ, 684 ಮಿಲಿಮೀಟರು. ಕಡಲ ಮಟ್ಟದಲ್ಲಿ ಇರಬೇಕಾದ 760ಕ್ಕೆ ಅದನ್ನು ಹೋಲಿಸಿರಿ.

ಮೊಬೈಲಿನ ಅಂಕೆಯನ್ನು ನೋಡಿ ಮಳೆಯನ್ನು ಊಹಿಸಲು ಹೊರಡುವ ರೈತಬಂಧುಗಳು ಇನ್ನೊಂದನ್ನು ತಿಳಿದಿರಬೇಕು. ನಮ್ಮ ಅಕ್ಷಾಂಶದಲ್ಲಿ ವಾಯುಭಾರವು ದಿನಕ್ಕೆ ಎರಡು ಬಾರಿ ತಾನಾಗಿಯೇ ಏರಿಳಿಯುತ್ತದೆ: ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಮೂರು ನಾಲ್ಕು ಹೆಕ್ಟೋಪಾಸ್ಕಲಿನಷ್ಟು ಇಳಿಯುತ್ತದೆ, ರಾತ್ರಿ ಮತ್ತೆ ಏರುತ್ತದೆ. ಆಕಾಶವು ನಿರ್ಮಲವಾಗಿದ್ದರೂ ಇದು ತಪ್ಪದು. ಆದುದರಿಂದ ಇಂದಿನ ಸಂಜೆ ನಾಲ್ಕನ್ನು ಇಂದಿನ ಬೆಳಗಿನ ಹತ್ತರೊಡನೆ ಹೋಲಿಸದೆ, ನಿನ್ನೆಯ ಸಂಜೆ ನಾಲ್ಕರೊಡನೆ ಹೋಲಿಸತಕ್ಕದ್ದು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಕಿಲೋಪಾಸ್ಕಲಿಗೂ ಹೆಕ್ಟೋಪಾಸ್ಕಲಿಗೂ ಹತ್ತುಪಟ್ಟು ಅಂತರವಿದೆ. 16.0 ಕಿಲೋಪಾಸ್ಕಲ್ ಎಂಬುದು 120 ಮಿಲಿಮೀಟರು. ಚುಕ್ಕಿಯನ್ನು ಬಿಟ್ಟು 160 ಎಂದು ಚೀಟಿಯಲ್ಲಿ ಬರೆದರೆ, ಆರೋಗ್ಯವಂತನು ಕಾಗದದ ಮೇಲೆ ರೋಗಿಯಾಗುತ್ತಾನೆ. ಇದಕ್ಕಿಂತ ಅಪಾಯಕರವಾದ ತಪ್ಪು ಈ ಪಟ್ಟಿಯಲ್ಲಿಲ್ಲ.

2. ಮಳೆಯ ಮಿಲಿಮೀಟರು ಬೇರೆ, ಪಾದರಸದ ಮಿಲಿಮೀಟರು ಬೇರೆ. ಮಾನ್ವಿಯಲ್ಲಿ 40 ಮಿ.ಮೀ. ಎಂದರೆ ನೆಲದ ಮೇಲೆ ಬಿದ್ದ ನೀರಿನ ಆಳ.

3. ಮಧ್ಯದಲ್ಲಿಯೇ ಅಂಕೆಗಳನ್ನು ದುಂಡಾಗಿಸುವುದು. 18.6ನ್ನು 19 ಎಂದು ಮಾಡಿಕೊಂಡು ಏಳೂವರೆಯಿಂದ ಗುಣಿಸಿದರೆ 142.5 ಬರುತ್ತದೆ. ಸರಿಯಾದುದು 139 ಅಥವಾ 140. ದುಂಡಾಗಿಸುವುದು ಕೊನೆಯ ಕೆಲಸವಾಗಿರಲಿ.

4. ಫ್ರಾನ್ಸಿನ ಕಡೆ ರಕ್ತದೊತ್ತಡವನ್ನು ಪಾದರಸದ ಸೆಂಟಿಮೀಟರಿನಲ್ಲಿ ಹೇಳುವ ವಾಡಿಕೆಯಿದೆ: "ಹದಿಮೂರು, ಎಂಟು." ಅದನ್ನು ಕಿಲೋಪಾಸ್ಕಲ್ ಎಂದು ತಿಳಿಯದೆ, ಹತ್ತರಿಂದ ಗುಣಿಸಿ 130, 80 ಎಂದು ಓದಬೇಕು.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಎದೆನೋವು, ಉಸಿರುಕಟ್ಟುವಿಕೆ, ಮಾತಿನ ತೊದಲು, ಒಂದು ಕೈ ಅಥವಾ ಕಾಲಿನ ಸೋಲು ಇವುಗಳಲ್ಲಿ ಯಾವುದಾದರೊಂದು ಇದ್ದರೆ ಯಂತ್ರವು ಯಾವ ಮಾನದಲ್ಲಿ ಏನನ್ನು ತೋರಿಸಿತೆಂಬ ಲೆಕ್ಕಕ್ಕೆ ಕೂಡಬಾರದು. 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಹೊರಡಬೇಕು. ಲೆಕ್ಕ ಮಾಡಿ ಬಂದ ಅಂಕೆಯನ್ನು ನಂಬಿ ಗುಳಿಗೆಯನ್ನು ಕೂಡಿಸುವುದಾಗಲಿ ಬಿಡುವುದಾಗಲಿ ಎಂದಿಗೂ ಸಲ್ಲದು.

ಬರೆದಿಡುವ ರೀತಿ

ಯಂತ್ರವನ್ನು ಮೊದಲಿನ ಮಾನಕ್ಕೆ ತರುವ ಕ್ರಮವು ಅದರೊಡನೆ ಬಂದ ಕೈಪಿಡಿಯಲ್ಲಿರುತ್ತದೆ. ಸಾಮಾನ್ಯವಾಗಿ ಒಂದು ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದರೆ ಸಾಕಾಗುತ್ತದೆ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಯಂತ್ರವನ್ನೂ ಕೊಂಡೊಯ್ದು, ಅವರ ಅಳತೆಯೂ ಅದರ ಅಳತೆಯೂ ಹೊಂದುತ್ತವೆಯೆ ಎಂದು ನೋಡಿಸಿಕೊಳ್ಳಿರಿ. ಹೊಲದಿಂದ ಬಿಸಿಲಲ್ಲಿ ನಡೆದು ಬಂದವರು ಐದು ನಿಮಿಷ ನೆರಳಿನಲ್ಲಿ ಬೆನ್ನಿಗೆ ಆನಿಕೆಯಿಟ್ಟು ಕುಳಿತ ಮೇಲೆಯೇ ಪಟ್ಟಿ ಸುತ್ತಿಸಿಕೊಳ್ಳಲಿ. ಆಮೇಲೆ ಒಂದು ಸಣ್ಣ ಪುಸ್ತಕದಲ್ಲಿ ದಿನ, ಹೊತ್ತು, ಯಾವ ತೋಳು, ಅಂಕೆ, ಮಾನ ಐದನ್ನೂ ಬರೆಯಿರಿ. ಯಂತ್ರವು ಕಿಲೋಪಾಸ್ಕಲಿನಲ್ಲಿ ತೋರಿಸಿದ್ದರೆ ತೋರಿಸಿದುದನ್ನೇ ಮೊದಲು ಬರೆದು, ಪರಿವರ್ತಿಸಿದುದನ್ನು ಪಕ್ಕದಲ್ಲಿ ಬರೆಯಿರಿ, ಏಕೆಂದರೆ ಲೆಕ್ಕದಲ್ಲಿ ತಪ್ಪಾಗಿದ್ದರೂ ಮೂಲದ ಅಂಕೆಯಿಂದ ವೈದ್ಯರು ಅದನ್ನು ತಿದ್ದಿಕೊಳ್ಳಬಹುದು. ಮಾನ್ವಿಯ ವೈದ್ಯರು ನೋಡಿದ ರೋಗಿಯನ್ನು ರಾಯಚೂರಿನ ವೈದ್ಯರು ನೋಡಬೇಕಾಗಿ ಬಂದಾಗ ಈ ಪುಸ್ತಕವು ರೋಗಿಯ ಜೊತೆಗೇ ಹೋಗಲಿ. ಒಂದು ಸಾಲು ಹೀಗಿದ್ದರೆ ಸಾಕು: ಸೋಮವಾರ, ಬೆಳಿಗ್ಗೆ 7 ಗಂಟೆ, ಎಡತೋಳು, ಯಂತ್ರದಲ್ಲಿ 18.1 ಮತ್ತು 11.2 ಕಿಲೋಪಾಸ್ಕಲ್, ಪಾದರಸದ ಮಿಲಿಮೀಟರಿನಲ್ಲಿ 136 ಮತ್ತು 84.